ಕುಡಿತವೊಂದೇ ಕಾರಣವಲ್ಲ

ಕೌಟುಂಬಿಕ ದೌರ್ಜನ್ಯಕ್ಕೆ ಕುಡಿತವೇ ಮೂಲ ಎಂದು ಲೇಖನವೊಂದರಲ್ಲಿ ಹೇಳಲಾಗಿದ್ದು, ಲೇಖಕರ ಆ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಹೆಂಡ ಮುಟ್ಟದ ಮನೆಗಳಲ್ಲೂ ಕೈ ಎತ್ತುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 44ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದು, ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಸುಮಾರು ಶೇ 21 ಮಾತ್ರ ಇತ್ತು. ಹೇಳಿಕೊಳ್ಳುವ ಧೈರ್ಯ ಹೆಚ್ಚಿರುವುದೂ ಇದಕ್ಕೆ ಕಾರಣವಿರಬಹುದು, ಆದರೆ ಅಷ್ಟಕ್ಕೇ ಸಮಾಧಾನಪಡುವಂತಿಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಹೆಣ್ಣಿಗೆ ತಾನು ಬಾಳುತ್ತಿರುವ ಮನೆಯಲ್ಲೇ ಉಳಿಯುವ ಹಕ್ಕನ್ನು ನೀಡಿದೆ. ಆಕೆ ಸಲ್ಲಿಸುವ ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕೆಂದೂ ಹೇಳಿದೆ. ಆದರೆ ನಮ್ಮಲ್ಲಿ, ಈ ಕಾಯ್ದೆಯಡಿ ನೊಂದವಳಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ಅಂಗನವಾಡಿಗಳ ಉಸ್ತುವಾರಿ ಹೊತ್ತಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ವಹಿಸಲಾಗಿರುವುದರಿಂದ, ಪೆಟ್ಟು ತಿಂದವಳೂ ಅದನ್ನು ಕಣ್ಣಾರೆ ಕಂಡು ಓದಿನಿಂದ ವಿಮುಖರಾಗುವ ಮಕ್ಕಳೂ ಆ ಅಧಿಕಾರಿಯ ಬಿಡುವಿಗಾಗಿ ಕಾಯಬೇಕಾಗುತ್ತದೆ. ಈ ಕೆಲಸಕ್ಕೆಂದೇ ಪೂರ್ಣಾವಧಿ ಅಧಿಕಾರಿಗಳನ್ನು ನೇಮಿಸುವಂತೆ ಲೇಖನವು ಒತ್ತಾಯಿಸಬೇಕಿತ್ತು.