ನಡುಮನೆಗೆ ಬಂದು ನಿಂತ ನೆಂಟರು

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಸ್ಪೀಕರ್ ಮತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು, ಶಾಲೆಯ ಗ್ರೂಪ್ ಫೋಟೋಗೆ ನಿಂತ ಹಾಗೆ ನೆಟ್ಟಗೆ. ಬಲಗಡೆಯದರ ತಲೆ ಮೇಲೆ ಪಂಚಾಂಗ, ಅದರ ಮೇಲೆ ಕನ್ನಡಕ. ಎಡಗಡೆಯದರ ಮೇಲೆ ಒಂದು ಲೋಟ, ಲೋಟದಲ್ಲಿ ಡೇರೆ ಹೂವು. ನೀರು ಸಮೇತ.

ನಿನ್ನೆ ರಾತ್ರಿ ಹನ್ನೊಂದರವರೆಗೆ ಟೇಪು ಹಿಡಿದು, ಇಂಚು ಇಂಚು ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮಲಗಿದ್ದೆ. ಈಗ ಗುರುತೂ ಇಲ್ಲ. ಅಮ್ಮ ನೆಲ ಒರೆಸಿದ್ದಾಳೆ.

"ಅಮ್ಮ, ಸ್ಪೀಕರ್ ಯಾಕೆ ಸರಿಸಿದ್ದು?"

"ಸರಿಸಿಲ್ಲ. ಸರಿ ಮಾಡಿದೀನಿ."

ಇದಕ್ಕೆ ಏನು ಹೇಳೋದು? ಈ ತಿಂಗಳಲ್ಲಿ ಇದು ಎಷ್ಟನೇ ಸಲವೋ ಲೆಕ್ಕ ಬಿಟ್ಟಿದ್ದೇನೆ.

ಸ್ಪೀಕರ್ ತಂದಿದ್ದು ಮೂರು ತಿಂಗಳ ಹಿಂದೆ, ಅಡಿಕೆ ದುಡ್ಡು ಬಂದಾಗ. ಮರದ ಡಬ್ಬಿಯ ಜೋಡಿ ಸ್ಪೀಕರ್, ಜೊತೆಗೊಂದು ಆಂಪ್ಲಿಫೈಯರ್. ತಂದ ದಿನ ಎಲ್ಲರ ಮನೆಯಲ್ಲಿ ಮಾಡುವ ಹಾಗೆ ನಡುಮನೆಯ ಎರಡು ಮೂಲೆಗೆ ಒತ್ತರಿಸಿಟ್ಟೆ. ಹಾಡು ಹಾಕಿದರೆ ತಬಲಾ ಬಾವಿಯೊಳಗೆ ಬಿದ್ದ ಕೊಡದ ಹಾಗೆ ಗುಂಯ್ ಅಂತು. ಕೆಟ್ಟ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಯವನಿಗೆ ಬೈಯಲು ಫೋನ್ ಎತ್ತಿದವನು, ಅದಕ್ಕೆ ಮೊದಲು ಸ್ವಲ್ಪ ಓದಿ ನೋಡೋಣ ಅಂತ ಓದಿದೆ. ಆ ಓದೇ ಮುಳುವಾಯಿತು. ಬಾಸ್, ಅಂದರೆ ದಪ್ಪ ಸ್ವರಗಳು, ಡಬ್ಬಿಯ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ, ಮೂರೂ ಸೇರಿ ಅವನ್ನು ವಾಪಸ್ ಕಳಿಸುತ್ತವೆ. ಮೂಲೆ ಅಂದರೆ ಬಾಸ್‌ಗೆ ತವರುಮನೆ ಇದ್ದ ಹಾಗೆ, ಅಲ್ಲಿಗೆ ಹೋದ ಮೇಲೆ ಅದರ ದನಿಯೇ ಬೇರೆ.

ಹಾಗಾದರೆ ಎಲ್ಲಿ ಇಡಬೇಕು? ಎರಡು ಸ್ಪೀಕರ್, ಮೂರನೆಯದು ಕೇಳುವವನ ತಲೆ. ಈ ಮೂರೂ ಸೇರಿ ಮೂರು ಬದಿ ಸಮ ಇರುವ ತ್ರಿಕೋನ ಆಗಬೇಕು. ಟ್ವೀಟರ್, ಅಂದರೆ ಡಬ್ಬಿಯಲ್ಲಿ ತೆಳು ಸ್ವರ ಹೊರಡಿಸುವ ಚಿಕ್ಕ ಭಾಗ, ಕಿವಿಯ ಮಟ್ಟಕ್ಕಿರಬೇಕು. ಹಿಂದಿನ ಗೋಡೆಯಿಂದ ಎರಡಡಿಯಾದರೂ ಮುಂದೆ ಬರಬೇಕು. ಎರಡೂ ಸ್ವಲ್ಪ ಒಳಗೆ, ಕೇಳುವವನ ಕಡೆ ತಿರುಗಿರಬೇಕು. ಓದುವಾಗ ಎಷ್ಟು ಸಲೀಸು ಅನಿಸಿತ್ತು. ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಆರೂವರೆ ಅಡಿಯ ತ್ರಿಕೋನ ಎಳೆದರೆ ಎಡಗಡೆ ಸ್ಪೀಕರ್ ದೇವರ ಕೋಣೆಯ ಬಾಗಿಲಿಗೆ ಬರುತ್ತದೆ. ಬಲಗಡೆಯದು ಅಡುಗೆಮನೆಗೆ ಹೋಗುವ ದಾರಿಗೆ. ನಾನು ಕೂರಬೇಕಾದ ಕುರ್ಚಿ ಅಟ್ಟದ ಏಣಿ ಕೆಳಗೆ. ತ್ರಿಕೋನವನ್ನು ಚೂರು ಆ ಕಡೆ, ಚೂರು ಈ ಕಡೆ ತಿರುಗಿಸಿ, ಹಲಸಿನ ಹಲಗೆಯ ತುಂಡುಗಳನ್ನು ಜೋಡಿಸಿ ಎತ್ತರ ಮಾಡಿ, ಅಂತೂ ಒಂದು ಸಂಧಾನಕ್ಕೆ ಬಂದೆ.

ಅಮ್ಮ ಮಾತ್ರ ಸಂಧಾನಕ್ಕೆ ಬರಲಿಲ್ಲ. "ನೆಂಟರು ಬಂದ ಹಾಗೆ ನಡುಮನೆಗೆ ಬಂದು ನಿಂತಿವೆಯಲ್ಲೋ, ಅದೂ ಸೊಟ್ಟಕ್ಕೆ" ಅಂದಳು.

ಈ ಸೊಟ್ಟ ಅನ್ನುವ ವಿಷಯ ಸ್ವಲ್ಪ ಹೇಳಬೇಕು. ನಮ್ಮಮ್ಮನಿಗೆ ಎಪ್ಪತ್ತೆರಡು ವರ್ಷ. ಸೊಟ್ಟ ಇರುವುದನ್ನು ನೋಡಿಕೊಂಡು ಸುಮ್ನೆ ಇರುವ ಅಭ್ಯಾಸ ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದಿಲ್ಲ. ಕ್ಯಾಲೆಂಡರ್, ಕಾಲೊರಸು, ಸ್ಟ್ಯಾಂಡಿನಲ್ಲಿರುವ ಲೋಟದ ಹಿಡಿ, ಒಣಹಾಕಿದ ಟವೆಲಿನ ಅಂಚು, ಎಲ್ಲ ನೇರ. ಬೇರೆಯವರ ಮದುವೆಗೆ ಹೋದರೂ ಊಟಕ್ಕೆ ಕೂತಾಗ ಪಕ್ಕದವರ ಬಾಳೆಲೆಯನ್ನು ಎಳೆದು ಸಾಲಿಗೆ ತರುತ್ತಾಳೆ. ಒಮ್ಮೆ ಬ್ಯಾಂಕಿನಲ್ಲಿ ಬೆಳೆಸಾಲದ ಬಗ್ಗೆ ಮ್ಯಾನೇಜರ್ ಗಂಭೀರವಾಗಿ ಮಾತಾಡುತ್ತಿದ್ದರೆ ಅಮ್ಮ ಮೆಲ್ಲಗೆ ಎದ್ದು, ಅವರ ತಲೆಯ ಹಿಂದೆ ನೇತು ಹಾಕಿದ್ದ ಫೋಟೋವನ್ನು ಸರಿ ಮಾಡಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಇನ್ನೊಂದು ಚೂರು ಸರಿ ಮಾಡಿ, ಬಂದು ಕೂತಳು. ಮ್ಯಾನೇಜರ್‌ಗೆ ಮಾತು ಎಲ್ಲಿಗೆ ಬಂದಿತ್ತು ಅನ್ನೋದೇ ಮರೆತುಹೋಯಿತು. ಇಂಥವಳ ಮನೆಯಲ್ಲಿ ಎರಡು ಸ್ಪೀಕರನ್ನು ಬೇಕಂತಲೇ ಓರೆಗೆ ತಿರುಗಿಸಿ ಇಟ್ಟು, ಅದು ಹಾಗೇ ಇರಲಿ ಅಂದರೆ ನಡೆಯುತ್ತದಾ?

ಸರಿಸುವುದಷ್ಟೇ ಆದರೆ ತಡೆದುಕೊಳ್ಳಬಹುದಿತ್ತು. ಒಂದು ದಿನ ಹಾಡು ಹಾಕಿದರೆ ಬಾಸೇ ಇಲ್ಲ. ಹಾಡುವವರು ಎದುರಿಗೆ ನಿಲ್ಲುವುದು ಬಿಟ್ಟು ಮನೆ ತುಂಬ ಚೆಲ್ಲಾಪಿಲ್ಲಿ ಆಗಿದ್ದಾರೆ. ಎರಡು ದಿನ ಸ್ಪೀಕರ್ ಹಿಂದೆ ಮುಂದೆ ಎಳೆದೆ, ಕುರ್ಚಿ ಎಳೆದೆ, ಸೊಂಟ ಹಿಡಿಯಿತು. ಮೂರನೇ ದಿನ ಹಿಂದೆ ಬಗ್ಗಿ ನೋಡಿದರೆ ಒಂದು ಸ್ಪೀಕರಿನ ವಯರು ತಿರುಗಾಮುರುಗಾ, ಕೆಂಪಿನ ಜಾಗದಲ್ಲಿ ಕಪ್ಪು. ಹಾಗಾದರೆ ಒಂದರೊಳಗೆ ಅದುರಿ ಶಬ್ದ ಹೊರಡಿಸುವ ಕೋನು ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದೆ ಎಳೆಯುತ್ತದೆ. ಇಬ್ಬರ ಜಗಳದಲ್ಲಿ ಬಾಸ್ ಸಾಯುತ್ತದೆ. "ಗುಡಿಸುವಾಗ ಬಿಚ್ಕೊಂಡಿತ್ತು, ಸಿಕ್ಕಿಸಿದೆ" ಅಂದಳು ಅಮ್ಮ, ಉಪಕಾರ ಮಾಡಿದವಳ ಹಾಗೆ. ಸಿಕ್ಕಿಸಿದ್ದು ನೇರವಾಗಿಯೇ ಇತ್ತು. ಅದನ್ನು ಒಪ್ಪಬೇಕು.

ಇನ್ನು ನೆಲ. ನಮ್ಮದು ಕೆಂಪು ಕಾವಿ ನೆಲ, ಮುಖ ಕಾಣುವಷ್ಟು ನುಣುಪು. ಚಪ್ಪಾಳೆ ತಟ್ಟಿದರೆ ಗೋಡೆ ತಿರುಗಿ ತಟ್ಟುತ್ತದೆ. ಕಂಬಳಿ ಹಾಸಿದೆ. ಬಾಸಿನ ಗುಂಯ್‌ಗುಡುವಿಕೆಗೆ ಮೂಲೆಯಲ್ಲಿ ದಪ್ಪನೆಯ ವಸ್ತು ತುಂಬಬೇಕು ಅಂತ ಓದಿ, ಹೇಗೂ ಜಾಗ ಇಲ್ಲದೆ ಒಳಗೆ ತಂದಿಟ್ಟಿದ್ದ ಆರು ಚೀಲ ಅಡಿಕೆಯನ್ನು ಎರಡು ಮೂಲೆಗೆ ಹಂಚಿ ನಿಲ್ಲಿಸಿದೆ. ನಂಬಿ, ತಬಲಾ ಬಾವಿಯಿಂದ ಮೇಲೆ ಬಂತು! ಒಂದು ವಾರ ಸ್ವರ್ಗ. ಆಮೇಲೆ ರೇಟು ಏರಿತು, ಚೀಲಗಳು ಶಿವಮೊಗ್ಗದ ಮಂಡಿಗೆ ಹೋದವು, ತಬಲಾ ಮತ್ತೆ ಬಾವಿಗೆ ಬಿತ್ತು. ಅಡಿಕೆ ರೇಟು ಏರಿತು ಅಂತ ಬೇಜಾರು ಮಾಡಿಕೊಂಡ ಮಲೆನಾಡಿನವನು ನಾನೊಬ್ಬನೇ ಇರಬೇಕು.

ಈಗ ಕನ್ನಡಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬಾರದು ಅಂತಿದ್ದೆ.

ಸ್ಪೀಕರಿನ ಶಬ್ದ ನೇರ ಕಿವಿಗೆ ಬರುವುದು ಒಂದು. ಪಕ್ಕದ ಗೋಡೆಗೆ ಹೊಡೆದು ಚೂರು ತಡವಾಗಿ ಬರುವುದು ಇನ್ನೊಂದು. ಈ ತಡವಾಗಿ ಬಂದವನು ಮೊದಲು ಬಂದವನ ಮಾತನ್ನು ಕಲಸುತ್ತಾನೆ. ಗೋಡೆಯಲ್ಲಿ ಅದು ಹೊಡೆಯುವ ಜಾಗ ಹುಡುಕಿ ಅಲ್ಲೊಂದು ದಪ್ಪ ಬಟ್ಟೆ ನೇತು ಹಾಕಬೇಕು. ಹುಡುಕುವ ಉಪಾಯ ಬಹಳ ಸುಲಭ. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಗೋಡೆಗೆ ಕನ್ನಡಿ ಒತ್ತಿ ಹಿಡಿದು ನಿಧಾನ ಸರಿಯುತ್ತಾ ಹೋಗಬೇಕು. ಕೂತವನಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡಿತೋ, ಅದೇ ಜಾಗ.

ಸಂಜೆ, ಹೊರಗೆ ಜಡಿಮಳೆ, ಕರೆಂಟಿಲ್ಲ. ಹೆಂಡತಿಯನ್ನು ಕಾಡಿ ಬೇಡಿ ಒಪ್ಪಿಸಿದೆ. ದೀಪ ಹಚ್ಚಿಕೊಂಡೆವು. ನಾನು ನಡುಮನೆಯ ಮಧ್ಯೆ ಕುರ್ಚಿ ಹಾಕಿ ಅಲುಗಾಡದೆ ಕೂತಿದ್ದೇನೆ. ಅವಳು ಬಚ್ಚಲುಮನೆಯ ಕನ್ನಡಿಯನ್ನು ಎದೆಮಟ್ಟಕ್ಕೆ ಹಿಡಿದು ಗೋಡೆಗುಂಟ ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ. "ಕಾಣ್ತಾ?" ಅನ್ನುತ್ತಾಳೆ. "ಇನ್ನೂ ಇಲ್ಲ, ಮುಂದೆ ಹೋಗು" ಅನ್ನುತ್ತೇನೆ. "ಈಗ?" "ಕಂಡಿತು ಕಂಡಿತು, ಅರ್ಧ ಕಂಡಿತು, ನಿಲ್ಲು!"

ಬಾಗಿಲಲ್ಲಿ ಕೆಳಗಿನ ಮನೆ ಗೌಡರು ನಿಂತಿದ್ದರು. ಕೊಡೆ ಮಡಚಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಎಂತ ಕಳ್ದಿದೆ?" ಅಂದರು, ಬಹಳ ಮೆಲ್ಲಗೆ.

"ಏನೂ ಕಳೆದಿಲ್ಲ ಗೌಡ್ರೆ. ಶಬ್ದ ಎಲ್ಲಿ ಹೊಡೆದು ವಾಪಸ್ ಬರ್ತಿದೆ ಅಂತ ನೋಡ್ತಿದ್ವಿ."

"ಶಬ್ದಾನ ಕನ್ನಡೀಲಿ ನೋಡ್ತೀರಾ?"

ಹಾಗೆ ಕೇಳಿದರೆ ನನಗೂ ಉತ್ತರ ಹೊಳೆಯಲಿಲ್ಲ. ಗೌಡರಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಅವರ ಪ್ರಕಾರ ನಾವು ಅಂಜನ ಹಾಕಿ ನೋಡುತ್ತಿದ್ದೆವು, ಮುಚ್ಚಿಡುತ್ತಿದ್ದೆವು ಅಷ್ಟೇ. ಕೊಡೆ ಮಡಚಿ, ಕಾಲೊರಸಿಕೊಂಡು, ಜಗುಲಿ ದಾಟಿ ಒಳಗೆ ಬಂದರು. "ನಂದೊಂದು ಕತ್ತಿ ಕಳ್ದು ತಿಂಗಳಾತು ಮಾರಾಯ್ರೆ. ನಮ್ಮಪ್ಪನ ಕಾಲದ್ದು. ಹೆಂಗೂ ಕೂತಿದೀರಿ, ಹಂಗೇ ಅದನ್ನೂ ಒಂಚೂರು ನೋಡಿ" ಅಂದರು. ನಾನು ಬಿಡಿಸಿ ಹೇಳಲು ಹೋದಷ್ಟೂ ಅವರು ತಲೆ ಅಲ್ಲಾಡಿಸಿದರು, ಗುಟ್ಟು ಬಲ್ಲವರ ಹಾಗೆ. ಕನ್ನಡಿ ಹಿಡಿದು ಕೈ ಸೋತಿದ್ದ ನನ್ನ ಹೆಂಡತಿ ಕೊನೆಗೆ, "ನಿಮ್ಮನೆ ಸೌದೆ ಕೊಟ್ಟಿಗೇಲೇ ಇರತ್ತೆ ಗೌಡ್ರೆ, ಎಲ್ಲಿಗೆ ಹೋಗತ್ತೆ" ಅಂದುಬಿಟ್ಟಳು. ಮಲೆನಾಡಲ್ಲಿ ಕತ್ತಿ ಕಳೆದರೆ ಇನ್ನೆಲ್ಲಿರುತ್ತದೆ ಹೇಳಿ.

ನಾಲ್ಕನೇ ದಿನ ಗೌಡರು ಬಾಳೆಗೊನೆ ಹೊತ್ತುಕೊಂಡು ಬಂದರು. ಸಿಕ್ಕಿತ್ತು. ಸೌದೆ ಕೊಟ್ಟಿಗೆಯಲ್ಲೇ, ಅಡಿಯ ಸಾಲಿನಲ್ಲಿ.

ಆ ಹೊತ್ತಿಗೆ ಮಳೆ ಬಿಟ್ಟಿತ್ತು, ಕರೆಂಟಿತ್ತು, ಅಮ್ಮ ತವರಿಗೆ ಹೋಗಿದ್ದಳು. ಅಂದರೆ ಸ್ಪೀಕರ್ ನಾನಿಟ್ಟ ಜಾಗದಲ್ಲೇ ಇದ್ದವು. ಗೌಡರನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಭಾವಗೀತೆ ಹಾಕಿದೆ. ಮೊದಲ ಸಾಲಿಗೇ ಅವರು ಎಲೆಡಿಕೆ ಜಗಿಯುವುದು ನಿಲ್ಲಿಸಿದರು. ಎಡಗಡೆ ನೋಡಿದರು, ಬಲಗಡೆ ನೋಡಿದರು, ಆಮೇಲೆ ಎರಡರ ನಡುವೆ ಖಾಲಿ ಗೋಡೆಗೆ ಬೆರಳು ತೋರಿಸಿ, "ಅಲ್ಲಿ ಎಂತ ಇಲ್ವಲ್ಲ? ಅಲ್ಲಿಂದ ಹಾಡ್ತಿದಾರೆ!" ಅಂದರು. ಸುಣ್ಣದ ಡಬ್ಬಿ ತೆಗೆಯಲು ಎಡಕ್ಕೆ ವಾಲಿದರು. ಹಾಡುವವರೂ ಎಡಕ್ಕೆ ಬಂದರು. ಬಲಕ್ಕೆ ವಾಲಿದರು. ಅವರೂ ಬಲಕ್ಕೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಯಾವ ಸ್ಪೀಕರ್ ಹತ್ತಿರವೋ ಅದರದ್ದು ಕೂದಲೆಳೆ ಮೊದಲು ಬಂದರೂ ಕಿವಿ ಆ ಕಡೆಯನ್ನೇ ನಂಬುತ್ತದೆ ಅಂತ ವಿವರಿಸಿದೆ. 1931ರಲ್ಲಿ ಬ್ರಿಟನ್ನಿನ ಆಲನ್ ಬ್ಲಮ್ಲೈನ್ ಎಂಬ ಇಂಜಿನಿಯರ್ ಹೀಗೆ ಎರಡು ಸ್ಪೀಕರಿನಲ್ಲಿ ಕೇಳಿಸುವ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದ ಅಂತಲೂ ಹೇಳಿದೆ. ಗೌಡರು ಕೈ ಮುಗಿಯುವುದೊಂದು ಬಾಕಿ. ನನ್ನ ಸ್ಪೀಕರನ್ನು ಇಡಬೇಕಾದ ಜಾಗದಲ್ಲಿ ಇಟ್ಟು, ಕೂರಬೇಕಾದ ಜಾಗದಲ್ಲಿ ಕೂತು ಕೇಳಿದ ಒಬ್ಬನೇ ಮನುಷ್ಯ ಅವರು. ಅವರಿಗೂ ಅದು ಭೂತಚೇಷ್ಟೆ.

ಅಮ್ಮ ವಾಪಸ್ ಬಂದ ದಿನ ಇದನ್ನೆಲ್ಲ ಹೇಳಿ, ಓರೆಗೆ ಇಡುವುದರ ಕಾರಣ ಮತ್ತೊಮ್ಮೆ ವಿವರಿಸುತ್ತಿದ್ದೆ. ಅವಳು ಬೀನ್ಸ್ ನಾರು ಬಿಡಿಸುತ್ತಾ, "ನಿಮ್ಮಪ್ಪನೂ ರೇಡಿಯೋನ ಓರೆಗೆ ಇಡ್ತಿದ್ರು" ಅಂದಳು. ನನಗೆ ನೆನಪಿತ್ತು. ಗೋಡೆಯ ಗೂಡಿನಲ್ಲಿ ಮರ್ಫಿ ರೇಡಿಯೋ. ಇಡೀ ದಿನ ಭದ್ರಾವತಿ ಆಕಾಶವಾಣಿ. ಇದ್ದದ್ದು ಒಂದೇ ಸ್ಪೀಕರ್, ಎಲ್ಲಿ ಕೂತರೂ ಅಷ್ಟೇ ಕೇಳುತ್ತಿತ್ತು. ಅಪ್ಪ ಜಗುಲಿಯಲ್ಲಿ ಕೂತು ವಾರ್ತೆ ಕೇಳಿ, ಹಾಡಿನ ಹೊತ್ತಿಗೆ ಎದ್ದು ಬಂದು ರೇಡಿಯೋದ ಮೂತಿಯನ್ನು ಅಡುಗೆಮನೆ ಕಡೆ ತಿರುಗಿಸಿ ಹೋಗುತ್ತಿದ್ದರು. ಬೆಳಿಗ್ಗೆ ಗೂಡು ಒರೆಸುವಾಗ ಅಮ್ಮ ಅದನ್ನು ನೆಟ್ಟಗೆ ಮಾಡಿದ್ದು ನನಗೆ ನೆನಪಿಲ್ಲ.

ಅವಳು ಬೀನ್ಸ್ ಎತ್ತಿಕೊಂಡು ಒಳಗೆ ಹೋದಳು. ಸರಿ, ಇನ್ನು ಅಮ್ಮ ಈ ಸ್ಪೀಕರುಗಳನ್ನೂ ಮುಟ್ಟಲ್ಲ ಅಂದುಕೊಂಡೆ. ನಿನ್ನೆ ರಾತ್ರಿ ಅಷ್ಟು ಧೈರ್ಯವಾಗಿ ಸೀಮೆಸುಣ್ಣ ಹಿಡಿದಿದ್ದು ಅದಕ್ಕೇ. ಬೆಳಿಗ್ಗೆ ಎದ್ದರೆ ಪಂಚಾಂಗ, ಕನ್ನಡಕ, ಡೇರೆ ಹೂವು.

ಇಷ್ಟು ಬರೆಯುವ ಹೊತ್ತಿಗೆ ಅಮ್ಮನೇ ಬಂದಳು. ಲೋಟ ಎತ್ತಿದಳು, ಪಂಚಾಂಗ ಎತ್ತಿದಳು.

"ಅದು ಹೆಂಗೆ ಸೊಟ್ಟ ಇಟ್ಟಿದ್ಯೋ ಹಂಗೇ ಇಡು. ಗೌಡ್ರು ಫೋನ್ ಮಾಡಿದ್ರು, ಮಧ್ಯಾಹ್ನ ಅವ್ರ ಭಾವನ್ನ ಕರ್ಕೊಂಡು ಬರ್ತಾರಂತೆ. ಭಾವನ ಮನೆ ಎಮ್ಮೆ ಕಳ್ದಿದೆಯಂತೆ. ಕುರ್ಚಿ ಅದೇ ಜಾಗದಲ್ಲಿರ್ಬೇಕಂತೆ."

ಈಗ ಮತ್ತೆ ಅಳತೆ ಹಿಡಿಯಬೇಕು. ಟೇಪು ಇದೆ, ಸೀಮೆಸುಣ್ಣ ಕಾಣುತ್ತಿಲ್ಲ. ಎಲ್ಲಿಟ್ಟಿದೀಯ ಅಂತ ಹೆಂಡತಿಯನ್ನು ಕೇಳಿದರೆ, ಕನ್ನಡಿ ತರಲಾ ಅನ್ನುತ್ತಾಳೆ.