‘ಸ್ವಲ್ಪ ಶುದ್ಧ ಮರಳು ತೆಗೆದುಕೊಳ್ಳಿ’

ವಿಜ್ಞಾನದ ಪಾಠ ಬರೆಯುವವರಿಗೆ ನನ್ನದೊಂದು ಪ್ರಶ್ನೆ. ‘ಸ್ವಲ್ಪ ಶುದ್ಧವಾದ ಮರಳನ್ನು ತೆಗೆದುಕೊಳ್ಳಿ’ ಅಂತ ಒಂದೇ ಸಾಲಿನಲ್ಲಿ ಬರೆದುಬಿಡುತ್ತೀರಲ್ಲ, ಎಲ್ಲಿಂದ ತೆಗೆದುಕೊಳ್ಳೋದು ಸ್ವಾಮಿ? ಬೀಕರ್ ಲ್ಯಾಬಿನಲ್ಲಿದೆ. ಉಪ್ಪು ಅಡುಗೆಮನೆಯಲ್ಲಿದೆ. ಮರಳಿನ ಹಿಂದೆ ನನ್ನ ಭಾನುವಾರ ಪೂರ್ತಿ ಹೋಯಿತು. ಉಗುರಿನ ಸಂದಿಯಲ್ಲಿ ಇನ್ನೂ ಕರಕರ ಅನ್ನುತ್ತಿದೆ.

ಬೇಕಾಗಿದ್ದು ಆರನೇ ಕ್ಲಾಸಿಗೆ. ಮರಳು, ಉಪ್ಪು ಬೆರೆಸಿ, ನೀರು ಹಾಕಿ ಕಲಕಿ, ಸೋಸಿ, ಆ ನೀರನ್ನು ಕಾಯಿಸಿ ಉಪ್ಪನ್ನು ವಾಪಸ್ ತೆಗೆಯುವ ಪ್ರಯೋಗ. ನೀವೂ ಮಾಡಿರುತ್ತೀರಿ.

ಸಿಮೆಂಟ್ ಅಂಗಡಿಗೆ ಹೋದೆ. ‘ಎಂ ಸ್ಯಾಂಡಾ, ಪಿ ಸ್ಯಾಂಡಾ ಮೇಡಂ?’ ಅಂದ. ನದಿ ಮರಳು ಬೇಕು ಅಂದೆ. ‘ಎಷ್ಟು ಲೋಡು?’ ‘ಎರಡು ಕೆಜಿ.’ ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕೇಬಿಟ್ಟ. ಎಂ ಸ್ಯಾಂಡ್ ಅಂದರೆ ಕ್ರಷರ್‌ನಲ್ಲಿ ಪುಡಿ ಮಾಡಿದ ಕಲ್ಲು. ಅದರ ಧೂಳು ಹೇಗೆ ಅಂದರೆ, ತೊಳೆದಷ್ಟೂ ನೀರು ಬೂದಿ ಬಣ್ಣ. ಅಕ್ವೇರಿಯಂ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕಿತು, ಆದರೆ ಗುಲಾಬಿ ಬಣ್ಣದ್ದು. ಅದನ್ನು ಕೊಟ್ಟರೆ ನಮ್ಮ ಮಕ್ಕಳು ಬೀಕರಿಗೆ ಹಾಕುವುದಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಾರೆ.

ಕೊನೆಗೆ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿರುವವರನ್ನು ಕೇಳಿ ಹಳೇ ಗುಡ್ಡೆಯಿಂದ ಒಂದು ಚೀಲ ತಂದೆ. ಅದರ ಮೇಲೆ ಮಲಗಿದ್ದ ನಾಯಿ ಒಲ್ಲದ ಮನಸ್ಸಿನಿಂದ ಎದ್ದು ಜಾಗ ಬಿಟ್ಟಿತು. ಜರಡಿ ಹಿಡಿದಾಗ ಬೀಡಿ ತುಂಡು, ಸೋಡಾ ಮುಚ್ಚಳ, ಗುಟ್ಕಾ ಪೊಟ್ಟಣ ಸಿಕ್ಕವು. ಬೆಕ್ಕುಗಳು ಹೂತಿಟ್ಟಿದ್ದೂ ಸಿಕ್ಕಿತು. ಆ ವಿವರ ಬೇಡ ಬಿಡಿ.

ಆಮೇಲೆ ತೊಳೆಯುವುದು. ಅಮ್ಮ ಅಕ್ಕಿ ಗಾಳಿಸಿ, ತಳದಲ್ಲಿ ಉಳಿದ ಮರಳನ್ನು ಹಿತ್ತಲಿಗೆ ಎಸೆಯುತ್ತಿದ್ದಳು. ಮಗಳು ಬಿಎಸ್ಸಿ, ಬಿಎಡ್ ಮಾಡಿ ಅದೇ ಮರಳನ್ನು ಗಾಳಿಸುತ್ತಾ ಕೂತಿದ್ದಾಳೆ.

ಅಷ್ಟರಲ್ಲಿ ಕಾಂಪೌಂಡಿನ ಆಚೆ ಪಕ್ಕದ ಮನೆಯ ರಾಯರ ತಲೆ ಕಾಣಿಸಿತು.

ರಾಯರು ರಿಟೈರ್ಡ್ ಇಂಜಿನಿಯರ್. ಮರಳು ಕಂಡರೆ ಅವರ ಕೈ ಸುಮ್ನಿರುವುದಿಲ್ಲ. ಒಂದು ಹಿಡಿ ತೆಗೆದು, ಮುಷ್ಟಿ ಬಿಗಿ ಹಿಡಿದು, ಬಿಚ್ಚಿ, ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿ, ‘ಹೂಳು ಜಾಸ್ತಿ’ ಅನ್ನುತ್ತಾರೆ. ಪಾರ್ಕಿನಲ್ಲಿ ಜಾರುಬಂಡೆಯ ಕೆಳಗಿನ ಮರಳಿಗೂ ಅಷ್ಟೇ, ಮದುವೆ ಛತ್ರದ ಬೆಂಕಿ ಬಕೆಟ್‌ಗೂ ಅಷ್ಟೇ. ಒಂದು ಗೃಹಪ್ರವೇಶದಲ್ಲಂತೂ ಹೋಮಕ್ಕೆ ಹಾಸಿದ್ದ ಮರಳಿಗೇ ಕೈ ಹಾಕಿದರು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. ರಾಯರು ಅವರಿಗೂ ಹೇಳಿದರು, ‘ಹೂಳು ಜಾಸ್ತಿ ಸ್ವಾಮಿ’.

‘ಏನಮ್ಮಾ, ಮನೆ ಕಟ್ಟಿಸ್ತಿದ್ದೀರಾ?’

‘ಇಲ್ಲ ಸರ್, ಸ್ಕೂಲಿಗೆ.’

ಮುಗಿಯಿತು. ಒಳಗೆ ಬಂದರು, ಮುಷ್ಟಿ ಹಿಡಿದರು, ಬಿಚ್ಚಿದರು. ಉಪ್ಪಿನಕಾಯಿ ಬಾಟಲಿ ಬೇಕು ಅಂದರು. ಅದಕ್ಕೆ ಮರಳು, ನೀರು ಹಾಕಿ ಕುಲುಕಿ ಕಟ್ಟೆಯ ಮೇಲಿಟ್ಟರು. ‘ಮೂರು ಗಂಟೆ ಬಿಡಬೇಕಮ್ಮಾ. ಮೇಲೆ ಹೂಳಿನ ಪದರ ಕೂರುತ್ತೆ. ಶೇಕಡಾ 8 ದಾಟಿದರೆ ನಾನು ಲೋಡ್ ವಾಪಸ್ ಕಳಿಸ್ತಿದ್ದೆ.’ ಈ ಎರಡು ಕೆಜಿಯನ್ನು ಎಲ್ಲಿಗೆ ವಾಪಸ್ ಕಳಿಸಲಿ, ನಾಯಿಗಾ? ಒಳಗೆ ಕುಕ್ಕರ್ ಕೂಗುತ್ತಿತ್ತು. ಆರಿಸಿ ಬರುವಷ್ಟರಲ್ಲಿ ರಾಯರು ನನ್ನ ಬಕೆಟ್ ಪಕ್ಕ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನೀರು ಬೇಗ ತಿಳಿಯಾಯಿತು. ಬಸಿದು, ತಾರಸಿಯ ಮೇಲೆ ಹಳೇ ಸೀರೆ ಹಾಸಿ ಹರಡಿದೆ.

ನಮ್ಮ ಹಿರಿಯೂರು ಕಡೆ ಬೇಸಿಗೆಯಲ್ಲಿ ವೇದಾವತಿ ಬತ್ತಿದಾಗ ಮರಳಿನಲ್ಲಿ ಒರತೆ ತೋಡುತ್ತಿದ್ದೆವು. ಮೊದಲು ಕೆಂಪು ನೀರು ಬರುತ್ತಿತ್ತು. ಎತ್ತಿ ಚೆಲ್ಲಿ ಸ್ವಲ್ಪ ಹೊತ್ತು ಕಾದರೆ ತಳದ ಮರಳು ಒಂದೊಂದು ಕಾಳೂ ಕಾಣುವಷ್ಟು ತಿಳಿನೀರು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಕುಡಿಯುತ್ತಿದ್ದೆವು. ನೀರನ್ನು ಸೋಸಿ ಕೊಡುತ್ತಿದ್ದ ಮರಳನ್ನು ಈಗ ದಿನ ಬಿಟ್ಟು ದಿನ ಬರುವ ಕಾವೇರಿ ನೀರಿನಲ್ಲಿ ತೊಳೆಯುತ್ತಿದ್ದೇನೆ.

ಸೋಮವಾರ ಪ್ರಯೋಗ. ಒಂದು ಗುಂಪಿಗೆ ನಾನು ಯಾವಾಗಲೂ ಬರೀ ಮರಳು ಕೊಡುತ್ತೇನೆ. ಆ ಬಟ್ಟಲಿನಲ್ಲಿ ಏನೂ ಉಳಿಯಬಾರದು. ಕಾಯಿಸಿ ನೋಡಿದರೆ ಅಂಚಿನ ಸುತ್ತ ಬೆಳ್ಳಗೆ ಗೆರೆ! ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಅಂತ ದಿನಾ ಬಡಿದುಕೊಳ್ಳುತ್ತೇನೆ. ನಾನು ಆ ಕಡೆ ತಿರುಗಿದ್ದೇ ತಡ, ಒಬ್ಬ ಬೆರಳು ಹಾಕಿ ನೆಕ್ಕಿದ್ದ. ‘ಮಿಸ್, ಉಪ್ಪು! ಮರಳಲ್ಲೇ ಉಪ್ಪು ಇರುತ್ತೆ ಮಿಸ್!’ ಇಡೀ ಕ್ಲಾಸು ಹಾಗೆಯೇ ಬರೆದುಕೊಂಡಿತು.

ಸಂಜೆ ಗೇಟಿನ ಹತ್ತಿರ ರಾಯರು ಕಾಯುತ್ತಿದ್ದರು. ‘ಹೂಳು ಚೆನ್ನಾಗಿ ಕೂತಿತ್ತಲ್ವಾ? ನಾನೇ ಒಂದೆರಡು ಹಿಡಿ ಉಪ್ಪು ಹಾಕಿದ್ದೆ. ಫೀಲ್ಡ್‌ನಲ್ಲಿ ನಾವು ಹಂಗೇ ಮಾಡೋದು.’

ಏನು ಹೇಳಲಿ? ವಯಸ್ಸಾದವರು. ‘ಥ್ಯಾಂಕ್ಸ್ ಸರ್’ ಅಂದೆ.

ಉಳಿದ ಮರಳನ್ನು ಇನ್ನೊಂದು ಸಲ ತೊಳೆದುಕೊಳ್ಳೋಣ ಅಂತ ಇವತ್ತು ಲ್ಯಾಬಿಗೆ ಹೋದರೆ ಡಬ್ಬ ಖಾಲಿ. ಇನ್ಸ್‌ಪೆಕ್ಷನ್ ಅಂತ ಹೆಡ್‌ಮಾಸ್ಟರ್ ಅದನ್ನು ಬೆಂಕಿ ಬಕೆಟ್‌ಗೆ ಸುರಿಸಿದ್ದಾರೆ. ‘ಒಳ್ಳೇ ಮರಳು ಮೇಡಂ, ಎಲ್ಲಿ ಸಿಕ್ತು?’ ಅಂತ ಬೇರೆ ಕೇಳಿದರು. ಗುರುವಾರ ಬಿ ಸೆಕ್ಷನ್‌ಗೆ ಇದೇ ಪಾಠ.