ಹನ್ನೆರಡು ತೂತಿನ ಸ್ಟ್ಯಾಂಡು

ನನ್ನ ಹತ್ತಿರ ಮರ ಕಡೆಯುವ ಉಳಿಗಳು ಇರುವುದು ಏಳು. ಅವನ್ನು ಇಡಲು ಇದುವರೆಗೆ ಮಾಡಿದ ಸ್ಟ್ಯಾಂಡುಗಳು ಮೂರು. ಕಡೆದ ಬಟ್ಟಲುಗಳ ಲೆಕ್ಕ ದಯವಿಟ್ಟು ಕೇಳಬೇಡಿ.

ಕುವೆಂಪುನಗರದ ನಮ್ಮ ಮನೆಯಲ್ಲಿ ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ಮರವನ್ನು ತಿರುಗಿಸಿ ಕಡೆಯುವ ಲೇತ್ ಇದೆ; ಕಾರು ಬೀದಿಯಲ್ಲಿದೆ. ರಿಟೈರಾದ ಮೇಲೆ ಹತ್ತಿದ ಹುಚ್ಚು. ಮೊದಮೊದಲು ಉಳಿಗಳೆಲ್ಲ ಲೇತಿನ ಮೇಲೇ ಬಿದ್ದಿರುತ್ತಿದ್ದವು. ಯಂತ್ರದ ನಡುಕಕ್ಕೆ ಇಷ್ಟಿಷ್ಟೇ ಜರುಗಿ, ಯಾವಾಗಲೋ ಒಂದು ನೆಲಕ್ಕೆ ಬೀಳುವುದು. ಬಿದ್ದರೆ ಬಾಯಿ ಕೆಳಗಾಗಿಯೇ. ಅರ್ಧ ಗಂಟೆ ಹಿಡಿದ ಸಾಣೆ ಒಂದು ಠಣ್ಣಿಗೆ ಮುಗಿಯಿತು.

ಮೊದಲನೇ ಸ್ಟ್ಯಾಂಡನ್ನು ಲೇತಿನ ಹಿಂದಿನ ಗೋಡೆಗೆ ಹೊಡೆದೆ. ನೋಡೋಕೆ ಚೆಂದ. ಆದರೆ ಉಳಿ ಬೇಕೆಂದಾಗಲೆಲ್ಲ ಗಿರ್ರನೆ ತಿರುಗುವ ಮರದ ಮೇಲಿಂದ ಕೈ ಚಾಚಬೇಕು. ಒಂದು ದಿನ ಅಂಗಿಯ ತೋಳನ್ನು ಮರ ಮುಟ್ಟಿ ಹೋಯಿತು. ಹಿಡಿಯಲಿಲ್ಲ, ಮುಟ್ಟಿತು ಅಷ್ಟೆ. ಅವತ್ತೇ ಸಂಜೆ ಮೊಳೆ ಕಿತ್ತೆ.

ಎರಡನೆಯದು ದಿಮ್ಮಿಗೆ ಕುಳಿ ಕೊರೆದದ್ದು. ವಾರದೊಳಗೆ ಕುಳಿಗಳ ತುಂಬ ಹೊಟ್ಟು. ಅದೂ ಹಸಿಮರದ ಹೊಟ್ಟು. ತೇವಕ್ಕೆ ಉಕ್ಕಿನ ಬಾಯಿ ತುಕ್ಕು ಹಿಡಿಯಿತು. ತಳವಿಲ್ಲದ ಕುಳಿ ಬೇಕು ಎಂಬ ಜ್ಞಾನೋದಯವಾದದ್ದು ಆಗ.

ಸಂತೆಪೇಟೆಗೆ ಹೋಗಿ ಒಂದಿಂಚಿನ ಪಿವಿಸಿ ಪೈಪು ಕೇಳಿದೆ. "ಬಚ್ಚಲಿಗಾ ಸಾರ್?" ಅಂದ ಅಂಗಡಿಯ ಹುಡುಗ. ಉಳಿ ಇಡೋಕೆ ಅಂದೆ. ಆಮೇಲೆ ಅವನು ಮಾತಾಡಲಿಲ್ಲ. ಹತ್ತಡಿ ಪೈಪನ್ನು ಕೊಯ್ದಾಗ ಹನ್ನೆರಡು ತುಂಡಾದವು. ಎರಡು ಪ್ಲೈವುಡ್ ಹಲಗೆಗೆ ತೂತು ಕೊರೆದು, ತುಸು ಹಿಂದಕ್ಕೆ ವಾಲುವಂತೆ ಸಿಕ್ಕಿಸಿ, ಲೇತಿನ ಬಲಗಡೆ ನಿಲ್ಲಿಸಿದೆ. ಉಳಿಯ ಹಿಡಿ ಪೈಪಿನ ಬಾಯಿಗೆ ಕೂರುತ್ತದೆ, ಅಲಗು ಒಳಗೆ ತೂಗುತ್ತದೆ, ಹೊಟ್ಟು ಕೆಳಗೆ ಉದುರುತ್ತದೆ. ಸತ್ತ ರೇಡಿಯೋದ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಪಕ್ಕಕ್ಕೆ ಅಂಟಿಸಿದೆ, ಮರವನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿಗೆ. ಈ ಮನೆಯಲ್ಲಿ ಕನ್ನಡಕಕ್ಕಿಂತ ಹೆಚ್ಚು ಸಲ ಕಳೆದುಹೋದ ವಸ್ತು ಅದು.

ಹೊಸ ತಾಪತ್ರಯ ಶುರುವಾದದ್ದು ಇಲ್ಲಿ. ಬಾಯಿ ಒಳಗೆ ಹೋದ ಮೇಲೆ ಯಾವ ಉಳಿ ಯಾವುದು? ಹಿಡಿಗಳನ್ನೆಲ್ಲ ನಾನೇ ಕಡೆದಿದ್ದೆ, ಮಂಡ್ಯದ ಕಡೆಯ ಭಾವಮೈದುನನ ಹೊಲದ ಬದುವಿನ ಕರಿಜಾಲಿಯಲ್ಲಿ. ಏಳೂ ಒಂದೇ ತಾಯಿಯ ಮಕ್ಕಳು. ತೋಡುಬಾಯಿಯ ಗೌಜು ಅಂತ ಎಳೆದರೆ ಓರೆಬಾಯಿಯ ಸ್ಕ್ಯೂ ಬರುತ್ತದೆ. ಬಾಯಿ ಮೇಲೆ ಮಾಡಿ ಇಡೋಣವೆಂದರೆ ಕೈ ಕುಯ್ಯುವ ಭಯ. ಅಡುಗೆಮನೆಯಲ್ಲಿ ಸೌಟುಗಳು ಮುಖ ತೋರಿಸಿಕೊಂಡೇ ನೇತಾಡುತ್ತವೆ. ಅವು ಯಾರನ್ನೂ ಕುಯ್ಯುವುದಿಲ್ಲವಲ್ಲ.

ಉತ್ತರ ಇದ್ದದ್ದು ಚನ್ನಪಟ್ಟಣದಲ್ಲಿ. ಅಲ್ಲಿ ಹಾಲೆಮರದ ಬೊಂಬೆಗೆ ಬಣ್ಣ ಬಳಿಯುವುದಿಲ್ಲ. ತಿರುಗುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ನಾಲ್ಕು ಬಣ್ಣದ ಕಡ್ಡಿ ತಂದು, ಹಿಡಿಗಳನ್ನು ಕಳಚಿ, ಮತ್ತೆ ಲೇತಿಗೇರಿಸಿ ಉಂಗುರ ಹಾಕಿದೆ. ಗೌಜುಗಳಿಗೆ ಹಳದಿ, ಸ್ಕ್ಯೂಗೆ ಕೆಂಪು, ಕಡೆದದ್ದನ್ನು ಕತ್ತರಿಸಿ ಬಿಡಿಸುವ ಪಾರ್ಟಿಂಗ್ ಟೂಲಿಗೆ ಹಸಿರು, ಹೆರೆಯುವ ಸ್ಕ್ರೇಪರುಗಳಿಗೆ ನೀಲಿ. ಮೊದಲ ಉಂಗುರ ಗಂಟುಗಂಟಾಯಿತು, ಕಡ್ಡಿಯನ್ನು ಅಂಜುತ್ತ ಒತ್ತಿದ್ದಕ್ಕೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಒಂದು ತಿಂಗಳು ಇದರಲ್ಲೇ ಕಳೆಯಿತು. ಆಯುಧಪೂಜೆಗೆ ಸ್ಟ್ಯಾಂಡಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ದೂರ ನಿಂತು ನೋಡಿದೆ.

ನಮ್ಮವಳೂ ನೋಡಿದಳು. "ಏನ್ರೀ, ಉಳಿ ಏಳು, ತೂತು ಹನ್ನೆರಡು?"

"ಪೈಪು ಅಷ್ಟಿತ್ತು. ಮುಂದಕ್ಕೆ ಬೇಕಾಗ್ತವೆ."

ಬೇಕಾದವು. ಎಂಟನೆಯದರಲ್ಲಿ ಈಗ ಹಳೇ ಕ್ಯಾಲೆಂಡರಿನ ಸುರುಳಿ, ಒಂಬತ್ತನೆಯದರಲ್ಲಿ ಜೇಡರ ಬಲೆ ತೆಗೆಯುವ ಕೋಲು. ಮೊನ್ನೆ ಮಳೆ ಬಂದ ದಿನ ಹತ್ತನೆಯದರಲ್ಲಿ ಅವಳ ಮಡಚುವ ಕೊಡೆ ತೊಟ್ಟಿಕ್ಕುತ್ತಿತ್ತು. ಗುರ್ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಅರಗಿನ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಕೇಳಿದಳು, "ಕೊಡೆ ಹಿಡಿಗೆ ಯಾವ ಬಣ್ಣ?"